ಕಣ್ಣು ಉಳಿಯಿತು, ಫೈಲ್ ಎಲ್ಲಿದೆ?

ಕಣ್ಣಿನೊಳಗೆ ಗಡ್ಡೆ ಇದೆ, ಮೆಲನೋಮಾ ಎಂದು ಡಾಕ್ಟರು ಹೇಳಿದ ದಿನ ಮನೆಯವರೆಲ್ಲ ಕೇಳುವುದು ಒಂದೇ: ಕಣ್ಣು ಉಳಿಯುತ್ತಾ? ನಮ್ಮ ದೇಶದಲ್ಲಿ ಈ ಕಾಯಿಲೆ ಅಪರೂಪ. ಬಂದವರಿಗೆ ಮಾತ್ರ ಅಪರೂಪವಲ್ಲ. ನನ್ನ ಪ್ರಕಾರ ಕಣ್ಣಿನದು ಎರಡನೇ ಪ್ರಶ್ನೆ.

ಮೊದಲನೆಯದು ಜೀವ. ಅದಕ್ಕೆ ಗಟ್ಟಿ ಲೆಕ್ಕವಿದೆ. ಅಮೆರಿಕ, ಕೆನಡಾದಲ್ಲಿ 1987ರಲ್ಲಿ ಶುರುವಾದ 'ಕಾಮ್ಸ್' ಅಧ್ಯಯನದಲ್ಲಿ ಮಧ್ಯಮ ಗಾತ್ರದ ಗಡ್ಡೆಯಿದ್ದ 1317 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಕಣ್ಣು ತೆಗೆದರು. ಇನ್ನೊಂದರವರಿಗೆ ಆಪರೇಷನ್ ಮಾಡಿ, ವಿಕಿರಣ ಸೂಸುವ ಅಯೋಡಿನ್ ಇಟ್ಟ ಚಿನ್ನದ ಬಿಲ್ಲೆಯನ್ನು ಕಣ್ಣುಗುಡ್ಡೆಯ ಹೊರಗೆ ಹೊಲಿದು, ಕೆಲವು ದಿನದ ಮೇಲೆ ತೆಗೆದರು. 12 ವರ್ಷದಲ್ಲಿ ತೀರಿಕೊಂಡವರು, ಬೇರೆ ಕಾರಣದಿಂದ ಹೋದವರೂ ಸೇರಿ, ಮೊದಲ ಗುಂಪಿನಲ್ಲಿ ಶೇ. 41, ಎರಡನೆಯದರಲ್ಲಿ ಶೇ. 43. ಹೆಚ್ಚುಕಡಿಮೆ ಒಂದೇ. ಕಣ್ಣು ಉಳಿಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಹೆದರಿಕೆ ಬೇಡ. 'ತೆಗೆಸಿಬಿಟ್ಟರೆ ಎಲ್ಲ ಮುಗೀತು' ಎಂಬ ಧೈರ್ಯವೂ ಬೇಡ.

ಉಳಿದ ಕಣ್ಣು ಕಾಣುತ್ತದೆಯೇ? ಮೂರು ವರ್ಷದೊಳಗೆ ಸುಮಾರು ಅರ್ಧ ಜನರಿಗೆ ಆ ಕಣ್ಣಿನ ದೃಷ್ಟಿ ತೀರಾ ಇಳಿದಿತ್ತು. ವಿಕಿರಣ ಗಡ್ಡೆಯ ಜೊತೆ ರೆಟಿನಾಕ್ಕೂ ಪೆಟ್ಟು ಕೊಡುತ್ತದೆ. ಐದು ವರ್ಷದೊಳಗೆ ಎಂಟರಲ್ಲಿ ಒಬ್ಬರಿಗೆ ಕೊನೆಗೂ ಕಣ್ಣು ತೆಗೆಯಬೇಕಾಯಿತು. ಇದನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿ ತಿಳಿದುಕೊಳ್ಳಿ. ಹಾಗಿದ್ದರೂ ನಾನು ಉಳಿಸುವ ಪರ. ಕನ್ನಡಿಯಲ್ಲಿ ತನ್ನದೇ ಕಣ್ಣು ಕಾಣುವುದು ಸಣ್ಣ ಮಾತಲ್ಲ. (ಮುಂಬೈಯವರಿಗೆ: ರುಥೇನಿಯಂ ಬಿಲ್ಲೆಯನ್ನು ನಿಮ್ಮ ಟ್ರಾಂಬೆಯ ಬಾರ್ಕ್‌ನಲ್ಲೇ ತಯಾರಿಸಿದ್ದಾರೆ, ದೆಹಲಿಯ ಏಮ್ಸ್‌ನಲ್ಲಿ ಬಳಸಿದ್ದಾರೆ.)

ನನ್ನ ಚಿಂತೆ ಬೇರೆ. ಈ ಕಾಯಿಲೆ ಹರಡಿದರೆ ಹೆಚ್ಚಾಗಿ ಲಿವರ್‌ಗೆ ಹೋಗುತ್ತದೆ. ಹತ್ತು ವರ್ಷ ಬಿಟ್ಟೂ ಹೋಗಬಹುದು. ನಾವೋ ಊರು ಬದಲಿಸುತ್ತಲೇ ಇರುವವರು. ಚೆನ್ನೈಯಲ್ಲಿ ಆಪರೇಷನ್, ಪುಣೆಗೆ ಟ್ರಾನ್ಸ್‌ಫರ್, ರಿಟೈರ್ ಆದ ಮೇಲೆ ಧಾರವಾಡ. ಫೈಲ್ ಯಾವುದೋ ಟ್ರಂಕಿನ ತಳದಲ್ಲಿ. ಕಣ್ಣು ಚೆನ್ನಾಗಿದೆಯಲ್ಲ ಎಂದು ಲಿವರ್ ಸ್ಕ್ಯಾನ್ ನಿಂತೇ ಹೋಗುತ್ತದೆ. ಹೊಸ ಊರಿನ ಡಾಕ್ಟರಿಗೆ ಹಳೆಯ ಕಥೆಯೇ ಗೊತ್ತಿರುವುದಿಲ್ಲ.

ಗಡ್ಡೆಯ ಗಾತ್ರ, ಯಾವ ಬಿಲ್ಲೆ, ಎಷ್ಟು ವಿಕಿರಣ, ಯಾವ ತಾರೀಖು, ಇಷ್ಟೂ ಇರುವ ಡಿಸ್ಚಾರ್ಜ್ ಪುಟದ ಫೋಟೋ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ. ಲಿವರ್ ಸ್ಕ್ಯಾನ್ ಎಷ್ಟು ತಿಂಗಳಿಗೊಮ್ಮೆ ಎಂದು ಬರೆಸಿಕೊಂಡು ಬನ್ನಿ. ಅನೇಕ ಕಡೆ ಆರು ತಿಂಗಳಿಗೊಮ್ಮೆ ಮಾಡಿಸುತ್ತಾರೆ. ಊರು ಬಿಡುವ ಮುಂಚೆ ಗ್ಯಾಸ್ ಕನೆಕ್ಷನ್, ಮಕ್ಕಳ ಟಿ.ಸಿ. ಓಡಾಟದ ನಡುವೆ, ಹೊಸ ಊರಿನ ಕಣ್ಣಾಸ್ಪತ್ರೆಗೆ ಒಂದು ಪತ್ರವನ್ನೂ ಕೇಳಿ ಪಡೆಯಿರಿ.