‘ತೂಕ ಇಳಿಸಿಕೊಂಡು ಬನ್ನಿ’ ಎನ್ನುವುದು ಚಿಕಿತ್ಸೆಯಲ್ಲ

ನಮ್ಮ ಅವ್ವ ಬಾಗಲಕೋಟೆಯಿಂದ ಪುಣೆಗೆ ಬಂದಾಗಲೆಲ್ಲ ಅವಳ ಮೊದಲ ಜಗಳ ಅಡುಗೆಮನೆ ಕಟ್ಟೆಯ ಮೇಲಿರುವ ತಕ್ಕಡಿಯ ಜೊತೆ. ಅಂಗೈ ಅಗಲದ ಡಿಜಿಟಲ್ ತಕ್ಕಡಿ ಅದು. ಅದರ ಮೇಲೆ ತಟ್ಟೆ ಇಟ್ಟು ಅನ್ನ ಬಡಿಸಿಕೊಂಡರೆ ಸಾಕು, “ಬಂಗಾರ ತೂಗಿದಂಗ ಅನ್ನ ತೂಗ್ತಿಯಲ್ಲವಾ, ಉಣ್ಣೂದಕ್ಕ ಯಾರರ ಲೆಕ್ಕ ಇಡ್ತಾರೇನು?” ಅನ್ನುತ್ತಾಳೆ. ನಾವಿರುವುದು ಸದಾಶಿವ ಪೇಠದಲ್ಲಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಬಂದ್ ಎಂದು ಬೋರ್ಡು ಹಾಕಿ, ಅದನ್ನು ನಿಮಿಷ ತಪ್ಪದೆ ಪಾಲಿಸುವುದಕ್ಕೆ ಹೆಸರಾದ ಪೇಠ. ಇಲ್ಲಿ ಎಲ್ಲದಕ್ಕೂ ಲೆಕ್ಕವಿದೆ. ಹೆಂಗಸು ತನ್ನ ತಟ್ಟೆಯ ಲೆಕ್ಕ ಇಟ್ಟರೆ ಮಾತ್ರ ಅದು ಹುಚ್ಚು.

ನನಗೀಗ ನಲವತ್ಮೂರು. ಎಂ.ಟೆಕ್ ಮುಗಿಸಿ ಈ ಊರಿಗೆ ಬಂದು ಹದಿನೆಂಟು ವರ್ಷ. ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸುವುದು ಕೆಲಸ, ಅಂದರೆ ಅಂದಾಜಿಗೂ ವಾಸ್ತವಕ್ಕೂ ಇರುವ ಅಂತರಕ್ಕೆ ಉತ್ತರ ಹೇಳುವುದು. ನಮ್ಮ ಡಾಕ್ಟರುಗಳು ಪಿಸಿಓಡಿ ಎಂದು ಚೀಟಿಯಲ್ಲಿ ಬರೆಯುವ ಪಿಸಿಓಎಸ್ ನನಗಿದೆ ಎಂದು ಗೊತ್ತಾದದ್ದು ಇಪ್ಪತ್ನಾಲ್ಕರಲ್ಲಿ. ಈ ಇಪ್ಪತ್ತು ವರ್ಷಗಳಲ್ಲಿ ಎರಡು ಸುಳ್ಳುಗಳನ್ನು ಕೇಳಿ ಕೇಳಿ ಸಾಕಾಗಿದೆ. ಒಂದು, ಪಿಸಿಓಎಸ್ ಇದ್ದವರಿಗೆ ಕ್ಯಾಲೊರಿ ಲೆಕ್ಕ ನಡೆಯುವುದಿಲ್ಲ. ಇನ್ನೊಂದು, ಪಿಸಿಓಎಸ್‌ಗೆ ಬೇಕಾದದ್ದು ಅದೊಂದೇ, ತೂಕ ಇಳಿಸಿದರೆ ಎಲ್ಲ ಸರಿ. ಮೊದಲನೆಯದು ನಮ್ಮ ದುಡ್ಡು ತಿನ್ನುತ್ತದೆ. ಎರಡನೆಯದು ಜೀವಕ್ಕೇ ಕುತ್ತು ತರಬಹುದು.

ಮೊದಲನೆಯ ಸುಳ್ಳಿನಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಚೆನ್ನಾಗಿ ಮಾರಾಟವಾಗುತ್ತದೆ. ನಮ್ಮಲ್ಲಿ ಬಹಳ ಜನರ ದೇಹ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ಆಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಹೆಚ್ಚಾದ ಇನ್ಸುಲಿನ್ ಅಂಡಾಶಯದಿಂದ ಹೆಚ್ಚು ಟೆಸ್ಟೊಸ್ಟೆರಾನ್ ಮಾಡಿಸುತ್ತದೆ. ಆ ಟೆಸ್ಟೊಸ್ಟೆರಾನನ್ನು ರಕ್ತದಲ್ಲಿ ಕಟ್ಟಿಹಾಕುವ ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುವ ಹಾಗೂ ಮಾಡುತ್ತದೆ. ಗದ್ದದ ಕೂದಲು, ಮೊಡವೆ, ತಪ್ಪುವ ಮುಟ್ಟು, ಎಲ್ಲಕ್ಕೂ ಇದರ ನಂಟಿದೆ. ಇಷ್ಟು ನಿಜ. ಆದರೆ ಯಾವ ಹಾರ್ಮೋನೂ ಗಾಳಿಯಿಂದ ಕೊಬ್ಬು ಮಾಡಲಾರದು. ಅಗಸೆ ಬೀಜ, ಕುಂಬಳ ಬೀಜಗಳ ಪೊಟ್ಟಣಕ್ಕೆ ‘ಹಾರ್ಮೋನ್ ಬ್ಯಾಲೆನ್ಸ್’ ಎಂದು ಹೆಸರಿಟ್ಟು ಮಾರುವವರು ಈ ಮಾತನ್ನು ಹೇಳುವುದಿಲ್ಲ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 2023ರಲ್ಲಿ ಬಂದ ಅಂತಾರಾಷ್ಟ್ರೀಯ ಮಾರ್ಗಸೂಚಿ, ಪಿಸಿಓಎಸ್‌ಗೆ ಇಂಥದ್ದೇ ಆಹಾರಪದ್ಧತಿ ಮೇಲು ಎನ್ನಲು ಪುರಾವೆ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ನಮಗಾಗಿಯೇ ಹುಟ್ಟಿದ ವಿಶೇಷ ಡಯಟ್ ಎನ್ನುವುದು ವ್ಯಾಪಾರ.

ನನ್ನ ಲೆಕ್ಕವನ್ನೇ ಮುಂದಿಡುತ್ತೇನೆ. ದಿನಕ್ಕೆ 400 ಕ್ಯಾಲೊರಿ ಕಡಿಮೆ ತಿನ್ನುವುದು ಯೋಜನೆ. ಒಂದು ಕಿಲೊ ಕೊಬ್ಬಿಗೆ 7,700 ಕ್ಯಾಲೊರಿ ಎಂಬ ಹಳೆಯ ಸೂತ್ರ ಹಿಡಿದರೆ 480 ದಿನಗಳಲ್ಲಿ ಸುಮಾರು 25 ಕಿಲೊ ಇಳಿಯಬೇಕಿತ್ತು. ಇಳಿದದ್ದು 11. ಎಪ್ಪತ್ತೊಂಬತ್ತರಿಂದ ಅರವತ್ತೆಂಟು. ಆಫೀಸಿನಲ್ಲಿ ಇಂಥ ಪ್ರಾಜೆಕ್ಟ್ ತೋರಿಸಿದರೆ ಮೀಟಿಂಗ್ ಕರೆಯುತ್ತಾರೆ. ನಾನೂ ಕರೆದೆ, ನನ್ನೊಬ್ಬಳದೇ ಮೀಟಿಂಗ್. ಉಳಿದ 14 ಕಿಲೊ ಎಲ್ಲಿ ಹೋಯಿತು?

ಒಂದು ಪಾಲು ಸೂತ್ರದ್ದೇ ತಪ್ಪು. ದೇಹ ಹಗುರಾದಂತೆ ಅದರ ಖರ್ಚೂ ಇಳಿಯುತ್ತದೆ, ಹಾಗಾಗಿ ಇಳಿಕೆ ನಿಧಾನವಾಗುತ್ತದೆ. ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲೇ ‘ಲ್ಯಾನ್ಸೆಟ್’ನಲ್ಲಿ ಇದನ್ನು ಲೆಕ್ಕ ಸಮೇತ ತೋರಿಸಿದ್ದಾರೆ. ಇನ್ನೊಂದು ಪಾಲು ನಾನು ಬರೆಯದೆ ಬಿಟ್ಟದ್ದು. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು ಪರೀಕ್ಷಿಸಿದರು. ಅವರ ದೇಹದ ಖರ್ಚು ಸರಿಯಾಗಿಯೇ ಇತ್ತು. ತಿಂದದ್ದನ್ನು ಮಾತ್ರ ಸರಾಸರಿ 47 ಪ್ರತಿಶತ ಕಡಿಮೆ ಹೇಳಿದ್ದರು. ಇದನ್ನು ಓದಿ “ನೋಡಿ, ದಪ್ಪಗಿರುವವರು ಸುಳ್ಳು ಹೇಳುತ್ತಾರೆ” ಎನ್ನುವವರಿಗೆ ನನ್ನದೊಂದು ಪ್ರಶ್ನೆ: ನೀವು ಎಂದಾದರೂ ಒಂದು ಮನೆಯ ಅಡುಗೆ ಮಾಡಿ, ಬಡಿಸಿ, ಕೊನೆಗೆ ಉಂಡಿದ್ದೀರಾ?

ನಮ್ಮ ಅಡುಗೆಮನೆಯಲ್ಲಿ ಹೆಂಗಸಿನ ಊಟಕ್ಕೆ ತಟ್ಟೆಯೇ ಇರುವುದಿಲ್ಲ. ಮಗ ಬಿಟ್ಟ ಅರ್ಧ ಚಪಾತಿ, ಪಾತ್ರೆಯ ತಳದಲ್ಲಿ ಉಳಿದ ಎರಡು ಚಮಚ ಎಣ್ಣೆಗಾಯಿ, ಉಪ್ಪು ನೋಡಲೆಂದು ಮೂರು ಸಲ ಬಾಯಿಗೆ ಹಾಕಿಕೊಂಡದ್ದು, ನಿಂತುಕೊಂಡೇ ತಿಂದ ಮುಷ್ಟಿ ಶೇಂಗಾ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ 120 ಕ್ಯಾಲೊರಿ. 30 ಗ್ರಾಂ ಶೇಂಗಾ ಎಂದರೆ 170. ಏಕಾದಶಿಗೆ ಇಲ್ಲಿ ಸಾಬುದಾಣೆ ಖಿಚಡಿ ಮಾಡುತ್ತಾರೆ. ತುಪ್ಪ, ಶೇಂಗಾಪುಡಿ ಸೇರಿ ಒಂದು ತಟ್ಟೆ 500 ದಾಟುವುದು ಕಷ್ಟವಲ್ಲ. ಮರಾಠಿಗರೇ ‘ಏಕಾದಶಿ, ದುಪ್ಪಟ್ ಖಾಶಿ’ ಎಂದು ನಗುತ್ತಾರೆ, ಉಪವಾಸದ ದಿನ ಎರಡು ಪಟ್ಟು ಊಟವೆಂದು. ಹದಿನೈದು ದಿನ ನಾನು ತಟ್ಟೆಗೆ ಬಾರದ ಊಟವನ್ನಷ್ಟೇ ತೂಗಿ ಬರೆದೆ. ದಿನಕ್ಕೆ ಹತ್ತಿರ ಹತ್ತಿರ 250 ಕ್ಯಾಲೊರಿ. ಚೆಲ್ಲಬಾರದು ಎಂಬ ಸಂಸ್ಕಾರದ ಹೆಸರಿನಲ್ಲಿ ಮನೆಯ ಕಸದ ಬುಟ್ಟಿ ನಾನಾಗಿದ್ದೆ.

ತಕ್ಕಡಿ ನನಗೆ ಕೊಟ್ಟದ್ದು ಈ ತಿಳಿವಳಿಕೆ. ಹಾರ್ಮೋನು ನನ್ನ ಹಸಿವನ್ನು ಹೆಚ್ಚಿಸಿರಬಹುದು, ದಾರಿಯನ್ನು ಉದ್ದ ಮಾಡಿರಬಹುದು. ಲೆಕ್ಕ ಮಾತ್ರ ಸುಳ್ಳಾಗಲಿಲ್ಲ. ಹಾಗಾಗಿ, ಲೆಕ್ಕ ನಿಮಗಲ್ಲ ಎಂದು ಹೇಳುವವರನ್ನು ನಂಬಬೇಡಿ.

ಈಗ ಎರಡನೆಯ ಸುಳ್ಳಿಗೆ ಬರುತ್ತೇನೆ. ನನಗೆ ಇಪ್ಪತ್ತೊಂಬತ್ತಿದ್ದಾಗ ಎಂಟು ತಿಂಗಳು ಮುಟ್ಟು ಬರಲಿಲ್ಲ. ಹೋಗಿ ತೋರಿಸಿದೆ. ಡಾಕ್ಟರು ನನ್ನ ಮುಖ ನೋಡುವ ಮೊದಲು ತೂಕದ ಯಂತ್ರ ನೋಡಿದರು. “ಹತ್ತು ಕಿಲೊ ಇಳಿಸಿಕೊಂಡು ಬನ್ನಿ.” ಹೇಗೆ ಎಂದು ಹೇಳಲಿಲ್ಲ. ಸಕ್ಕರೆ ಪರೀಕ್ಷೆ ಬರೆಯಲಿಲ್ಲ, ಒಂದು ಮಾತ್ರೆ ಬರೆಯಲಿಲ್ಲ. ತೂಕ ಇಳಿಯಲಿಲ್ಲ, ನಾಚಿಕೆಯಿಂದ ನಾನು ಮತ್ತೆ ಹೋಗಲಿಲ್ಲ. ಒಂದೂವರೆ ವರ್ಷದ ಮೇಲೆ ಶುರುವಾದ ರಕ್ತಸ್ರಾವ ಇಪ್ಪತ್ಮೂರು ದಿನ ನಿಲ್ಲಲಿಲ್ಲ. ಬೇರೆ ಡಾಕ್ಟರು ಸ್ಕ್ಯಾನ್ ಮಾಡಿ ಗರ್ಭಕೋಶದ ಒಳಪದರ ದಪ್ಪವಾಗಿದೆ, ಬಯಾಪ್ಸಿಗೆ ಕಳಿಸಬೇಕು ಎಂದರು. ವರದಿ ಬರಲು ಹತ್ತು ದಿನ. ಮಗ ಆಗ ಎರಡು ವರ್ಷದವನು. ಆ ಹತ್ತು ರಾತ್ರಿ ಅವನ ಪಕ್ಕ ಮಲಗಿ ನಾನೇನು ಯೋಚಿಸಿದೆ ಎಂದು ಇಲ್ಲಿ ಬರೆಯಲಾರೆ. ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ.

ಅಂಡಾಣು ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟೆರಾನ್ ತಯಾರಾಗುವುದಿಲ್ಲ. ಅದಿಲ್ಲದೆ ಒಳಪದರ ಕಳಚದೆ ಬೆಳೆಯುತ್ತಲೇ ಹೋಗುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಗರ್ಭಕೋಶದ ಕ್ಯಾನ್ಸರಿನ ಅಪಾಯ ಏರುತ್ತದೆ. ಕೆಲವು ತಿಂಗಳಿಗೊಮ್ಮೆ ಮಾತ್ರೆ ಕೊಟ್ಟು ಮುಟ್ಟು ಬರಿಸುವುದು ಸರಳ, ಹಳೆಯ ಉಪಾಯ. ಅದಕ್ಕೆ ಒಂದು ಕಿಲೊ ಕೂಡ ಇಳಿಸಬೇಕಾಗಿಲ್ಲ. ತೂಕ ಇಳಿದರೆ ಒಳ್ಳೆಯದು ಎನ್ನುವುದನ್ನು ನಾನು ಅಲ್ಲಗಳೆಯುತ್ತಿಲ್ಲ. ತೂಕದ 5ರಿಂದ 10 ಪ್ರತಿಶತ ಇಳಿದರೂ ಅನೇಕರಿಗೆ ಮುಟ್ಟು ಸುಧಾರಿಸುತ್ತದೆ, ನನಗೂ ಸುಧಾರಿಸಿತು. ನನ್ನ ತಕರಾರು ‘ಇಳಿಸಿಕೊಂಡು ಬನ್ನಿ’ ಎಂಬುದರಲ್ಲಿನ ‘ಬನ್ನಿ’ಯ ಬಗ್ಗೆ. ಇಳಿಸುವ ತನಕ ಬರಬೇಡಿ ಎಂದು ಅದರರ್ಥ. ಜ್ವರ ಇಳಿದ ಮೇಲೆ ಬನ್ನಿ, ಮಾತ್ರೆ ಕೊಡುತ್ತೇನೆ ಎಂದು ಯಾವ ಡಾಕ್ಟರಾದರೂ ಹೇಳುತ್ತಾರಾ?

ಇದರ ಇನ್ನೊಂದು ಮುಖ ನಮ್ಮ ಮೇಲ್ಮಹಡಿಯಲ್ಲಿತ್ತು. ಈ ಪೇಠದ ತುಂಬ ಎಂಪಿಎಸ್‌ಸಿ ಪರೀಕ್ಷೆಗೆ ಓದುವ ಮಕ್ಕಳು. ಕಳೆದ ವರ್ಷ ಜತ್ತ ತಾಲ್ಲೂಕಿನ ಒಂದು ಕನ್ನಡದ ಹುಡುಗಿ ಬಾಡಿಗೆಗೆ ಇದ್ದಳು. ನಲವತ್ತೇಳು ಕಿಲೊ. ವರ್ಷಕ್ಕೆ ಮೂರೋ ನಾಲ್ಕೋ ಸಲ ಮುಟ್ಟು, ಗದ್ದದಲ್ಲಿ ಕೂದಲು. “ಅಕ್ಕಾ, ನೀ ದಪ್ಪ ಇಲ್ಲಲ್ಲ, ಓದೂ ಟೆನ್ಷನ್ ಇದು ಅಂದ್ರರೀ ಡಾಕ್ಟರ್” ಎಂದಳು. 2003ರ ರಾಟರ್‌ಡ್ಯಾಮ್ ಮಾನದಂಡದಲ್ಲಿ ಮೂರು ಲಕ್ಷಣಗಳಿವೆ: ತಪ್ಪುವ ಅಂಡೋತ್ಪತ್ತಿ, ಹೆಚ್ಚಿದ ಗಂಡು ಹಾರ್ಮೋನು, ಸ್ಕ್ಯಾನಿನಲ್ಲಿ ಕಾಣುವ ಅಂಡಾಶಯದ ಸ್ವರೂಪ. ಬೇರೆ ಕಾರಣಗಳಿಲ್ಲ ಎಂದು ಖಾತ್ರಿಯಾದ ಮೇಲೆ ಇವುಗಳಲ್ಲಿ ಎರಡಿದ್ದರೆ ಸಾಕು. ತೂಕ ಆ ಪಟ್ಟಿಯಲ್ಲೇ ಇಲ್ಲ. ತೂಕ ನೋಡಿ ನನಗೆ ಬಾಗಿಲು ಹಾಕಿದರು, ತೂಕ ನೋಡಿಯೇ ಅವಳಿಗೂ ಹಾಕಿದರು.

ತೂಕದ ಯಂತ್ರ ಎಷ್ಟು ಕಡಿಮೆ ಹೇಳುತ್ತದೆ ಎಂಬುದು ಪುಣೆಯ ಡಾಕ್ಟರುಗಳಿಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆಯಿಂದ ರಿಕ್ಷಾದಲ್ಲಿ ಹೋಗಿಬರುವಷ್ಟು ಹತ್ತಿರ, ರಾಸ್ತಾ ಪೇಠದ ಕೆಇಎಂ ಆಸ್ಪತ್ರೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ದಶಕಗಳಿಂದ ಇದನ್ನೇ ಅಧ್ಯಯನ ಮಾಡಿದ್ದಾರೆ. 2004ರಲ್ಲಿ ಅವರು ಮತ್ತು ಬ್ರಿಟನ್ನಿನ ಜಾನ್ ಯೂಡ್ಕಿನ್ ‘ಲ್ಯಾನ್ಸೆಟ್’ನಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿದರು. ಇಬ್ಬರ ಬಿಎಂಐ 22.3. ಕೊಬ್ಬು ಮಾತ್ರ ಯೂಡ್ಕಿನ್ ಅವರಲ್ಲಿ 9.1 ಪ್ರತಿಶತ, ಯಾಜ್ಞಿಕ್ ಅವರಲ್ಲಿ 21.2. ತೆಳ್ಳಗೆ ಕಾಣುವ ಭಾರತೀಯ ದೇಹದೊಳಗೂ ಕೊಬ್ಬು ಅಡಗಿರಬಹುದು ಎಂದು ಜಗತ್ತಿಗೆ ತೋರಿಸಿದ ಊರು ಇದು. ಅದೇ ಊರಿನಲ್ಲಿ ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ತೂಕದ ಯಂತ್ರ!

ಲೆಕ್ಕಕ್ಕೂ ಮಿತಿಯಿದೆ. ಪಿಸಿಓಎಸ್ ಇರುವವರಲ್ಲಿ ಊಟದ ಬಗೆಗಿನ ಮಾನಸಿಕ ತೊಂದರೆಗಳು ಹೆಚ್ಚು. ಅಂಕಿ ನೋಡಿ ನಿದ್ದೆ ಕೆಡುವುದಾದರೆ ತಕ್ಕಡಿಯನ್ನು ಕಪಾಟಿನೊಳಗಿಡಿ. ಕೂತು ಕೆಲಸ ಮಾಡುವ, 55 ಕಿಲೊ ತೂಕದ ಹೆಂಗಸಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದು ದಿನಕ್ಕೆ 1,660 ಕ್ಯಾಲೊರಿ. ಎಂಟುನೂರಕ್ಕೆ ಇಳಿಸುತ್ತೇನೆ ಎಂದು ಒಬ್ಬರೇ ಹೊರಡಬೇಡಿ. ಭಾರತೀಯರ ಬಿಎಂಐ ಪಟ್ಟಿಯಲ್ಲಿ 25 ದಾಟಿದರೆ ಸ್ಥೂಲಕಾಯ. ಅದರ ಪ್ರಕಾರ ನಾನು ಇವತ್ತಿಗೂ ಸ್ಥೂಲಕಾಯಳೇ. ಮುಟ್ಟು ಈಗ ಮೂವತ್ತೈದು ನಲವತ್ತು ದಿನಕ್ಕೆ ಬರುತ್ತದೆ, ಸಕ್ಕರೆ ಹಿಡಿತದಲ್ಲಿದೆ. ನನಗೆ ಅಷ್ಟು ಸಾಕು.

ಮುಂದಿನ ಸಲ ಯಾರಾದರೂ ನಿಮಗೆ “ತೂಕ ಇಳಿಸಿಕೊಂಡು ಬನ್ನಿ” ಅಂದರೆ ಕುರ್ಚಿ ಬಿಟ್ಟು ಏಳಬೇಡಿ. ಕೇಳಿ: ಅಲ್ಲಿಯವರೆಗೆ ನನ್ನ ಗರ್ಭಕೋಶದ ಒಳಪದರಕ್ಕೆ ಏನು ಮಾಡುತ್ತೀರಿ? ಸಕ್ಕರೆ ಪರೀಕ್ಷೆ ಯಾವಾಗ? ಇಳಿಸುವುದು ಹೇಗೆಂದು ಯಾರು ಕಲಿಸುತ್ತಾರೆ? ಇಳಿಯದಿದ್ದರೆ ಮುಂದೇನು? ನಾಲ್ಕಕ್ಕೂ ಉತ್ತರ ಬರೆಸಿಕೊಂಡೇ ಎದ್ದು ಬನ್ನಿ.