ತಂತ್ರಾಂಶಕ್ಕಿಂತ ಮೊದಲು ಪಟ್ಟಿ ಶುದ್ಧವಾಗಲಿ

ಹಲಸೂರಿನ ಬಜಾರ್ ರಸ್ತೆಯಲ್ಲಿ ಹಲವು ವರ್ಷಗಳಿಂದ ನಟ್ಟು, ಬೋಲ್ಟು, ಬೇರಿಂಗುಗಳ ವ್ಯಾಪಾರ ಮಾಡಿಕೊಂಡು ಬಂದಿರುವ ನನಗೆ ನಮ್ಮ ಬಡಾವಣೆಯ ಹೆಸರೇ ಒಮ್ಮೆ ದುಬಾರಿ ಪಾಠವನ್ನು ಕಲಿಸಿತು. ಖಾಯಂ ಗಿರಾಕಿಯೊಬ್ಬರ ಖಾತೆಯು ನಮ್ಮ ಗಣಕಯಂತ್ರದಲ್ಲಿ ‘ಹಲಸೂರು’, ‘ಅಲಸೂರು’, ‘ಅಲ್ಸೂರ್’ ಎಂಬ ಮೂರು ವಿಳಾಸಗಳಡಿ ಮೂರು ಬಾರಿ ತೆರೆದುಕೊಂಡಿತ್ತು. ಪ್ರತಿ ಖಾತೆಗೂ ಎರಡು ಲಕ್ಷ ರೂಪಾಯಿಗಳ ಉದ್ದರಿ ಮಿತಿ. ಯಾವ ಖಾತೆಯೂ ಮಿತಿ ಮೀರಿರಲಿಲ್ಲ; ಒಟ್ಟು ಬಾಕಿ ಮಾತ್ರ ಐದು ಲಕ್ಷ ದಾಟಿತ್ತು. ಯಂತ್ರವು ಲೆಕ್ಕ ತಪ್ಪಿರಲಿಲ್ಲ. ಒಬ್ಬರನ್ನು ಮೂವರೆಂದು ಅದಕ್ಕೆ ಹೇಳಿಕೊಟ್ಟವರು ನಾವೇ. ಆ ಬಾಕಿಯ ವಸೂಲಿಗೆ ಒಂದೂವರೆ ವರ್ಷ ಹಿಡಿಯಿತು.

ಇಂದು ಇಆರ್‌ಪಿ ಎಂದು ಕರೆಯಲಾಗುವ ಸಮಗ್ರ ವ್ಯವಹಾರ ತಂತ್ರಾಂಶವು ಸಣ್ಣ ಉದ್ಯಮಿಗಳ ಕೈಗೂ ಎಟಕುತ್ತಿದೆ. ನಮ್ಮ ನಗರಕ್ಕೆ ಇದೇನೂ ಅಪರಿಚಿತ ವಿದ್ಯೆಯಲ್ಲ. 1972ರಲ್ಲಿ ಜರ್ಮನಿಯಲ್ಲಿ ಆರಂಭವಾದ ಎಸ್‌ಎಪಿ ಸಂಸ್ಥೆಯು 1998ರಲ್ಲಿ ಬೆಂಗಳೂರಿನಲ್ಲಿ ತನ್ನ ಅಭಿವೃದ್ಧಿ ಕೇಂದ್ರವನ್ನು ತೆರೆಯಿತು. ಅದಕ್ಕೂ ಮೊದಲು, 1986ರಲ್ಲಿ, ಉದ್ಯಮಿ ಶ್ಯಾಮ್ ಸುಂದರ್ ಗೋಯೆಂಕಾ ಅವರು ತಮ್ಮ ವ್ಯವಹಾರಕ್ಕೆ ಒಪ್ಪುವ ಲೆಕ್ಕದ ತಂತ್ರಾಂಶ ದೊರೆಯದೆ, ಪುತ್ರ ಭರತ್ ಗೋಯೆಂಕಾ ಅವರಿಂದ ಬರೆಸಿದ ಪ್ರೋಗ್ರಾಂನಿಂದಲೇ ಇಂದಿನ ಟ್ಯಾಲಿ ಬೆಳೆಯಿತು. ಆದರೆ ತಂತ್ರಾಂಶವನ್ನು ಯಾರೇ ಬರೆದಿರಲಿ, ಅದರೊಳಗೆ ತುಂಬುವ ಹೆಸರುಗಳು ನಮ್ಮವು. ಈ ಹೊಣೆಯನ್ನು ಹಣ ಕೊಟ್ಟು ಬೇರೆಯವರಿಗೆ ವಹಿಸಲಾಗದು ಎಂಬುದೇ ಈ ಲೇಖನದ ವಾದ.

ಬಿಲ್ಲುಗಳು ದಿನವೂ ಬಂದು ಹೋಗುತ್ತವೆ. ಗಿರಾಕಿ, ಸರಬರಾಜುದಾರ, ಸರಕು, ಅಳತೆಯ ಮಾನ, ತೆರಿಗೆ ದರ ಇವುಗಳ ಪಟ್ಟಿ ಸ್ಥಿರವಾಗಿ ನಿಲ್ಲುತ್ತದೆ. ಇದನ್ನೇ ತಂತ್ರಜ್ಞರು ಮಾಸ್ಟರ್ ಡೇಟಾ ಎನ್ನುತ್ತಾರೆ. ನಾವು ಮೂಲ ದತ್ತಾಂಶ ಎನ್ನಬಹುದು. ಅಂಗಡಿಯ ಬಿಲ್ಲು, ಗೋದಾಮಿನ ದಾಸ್ತಾನು, ಲೆಕ್ಕಪರಿಶೋಧಕರ ಪುಸ್ತಕ ಈ ಮೂರನ್ನೂ ಬೆಸೆಯಲು ಹೊರಟಾಗ ಇದರ ದೋಷ ಬಯಲಾಗುತ್ತದೆ. ನಾವು ಬೋಲ್ಟುಗಳನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತೇವೆ, ಬಿಡಿಯಾಗಿ ಮಾರುತ್ತೇವೆ. ಒಂದು ಕಿಲೋಗೆ ಎಷ್ಟು ಬೋಲ್ಟು ಎಂಬುದು ಅಳತೆಯಿಂದ ಅಳತೆಗೆ ಬೇರೆ. ಅದನ್ನು ಪಟ್ಟಿಯಲ್ಲಿ ನಮೂದಿಸದಿದ್ದರೆ, ಪ್ರೋಗ್ರಾಂ ಬರೆಯುವ ತರುಣನು ಐವತ್ತು ಕಿಲೋವನ್ನು ಐವತ್ತು ಬೋಲ್ಟೆಂದೇ ತಿಳಿದಾನು. ಅದರಲ್ಲಿ ಅವನ ತಪ್ಪೇನೂ ಇಲ್ಲ.

ಜಿಎಸ್‌ಟಿ ಬಂದ 2017ರ ಜುಲೈ 1ರಿಂದ ಇಂತಹ ತಪ್ಪುಗಳು ಅಂಗಡಿಯ ಗೋಡೆಯೊಳಗೆ ಉಳಿಯುತ್ತಿಲ್ಲ. 2022ರ ಜನವರಿ 1ರಿಂದ, ಮಾರಿದವರು ಸಲ್ಲಿಸಿದ ವಿವರ ಕೊಂಡವರ ಹೇಳಿಕೆಯಲ್ಲಿ ಕಾಣಿಸಿದರೆ ಮಾತ್ರ ಹೂಡುವಳಿ ತೆರಿಗೆಯ ಜಮೆ ದೊರೆಯುತ್ತದೆ. ಗಿರಾಕಿಯ ಹದಿನೈದು ಅಂಕಿ-ಅಕ್ಷರಗಳ ನೋಂದಣಿ ಸಂಖ್ಯೆಯ ಬದಲು ನಾವು ಇನ್ನೊಬ್ಬರ ಸಂಖ್ಯೆಯನ್ನು ನಮೂದಿಸಿದರೆ ಅವರ ಜಮೆ ನಿಲ್ಲುತ್ತದೆ. ಅವರು ನಮ್ಮ ಹಣವನ್ನು ತಡೆಹಿಡಿಯುತ್ತಾರೆ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು. ಒಂದೇ ಸರಕನ್ನು ಮೂರು ಹೆಸರಿನಲ್ಲಿ ಇಟ್ಟುಕೊಂಡವರು ಒಂದು ಕಡೆ ದರ ತಿದ್ದಿ, ಇನ್ನೆರಡು ಕಡೆ ಮರೆತರೆ ಗತಿಯೇನು?

‘ನಮ್ಮದು ಚಿಕ್ಕ ಅಂಗಡಿ, ಗುಮಾಸ್ತರ ನೆನಪೇ ಸಾಕು’ ಎನ್ನುವ ಹಿರಿಯ ವರ್ತಕರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ‘ಅಲ್ಸೂರ್’ ಎಂದರೂ ‘ಹಲಸೂರು’ ಎಂದರೂ ಒಂದೇ ಎಂದು ಗುಮಾಸ್ತರು ಬಲ್ಲರು. ಆದರೆ ಗುಮಾಸ್ತರು ನಿವೃತ್ತರಾದ ದಿನ ಆ ಜ್ಞಾನವೂ ಅವರೊಡನೆ ಹೊರಟುಹೋಗುತ್ತದೆ. ಇನ್ನು ಕೆಲವರು, ಒಂದೇ ಬಗೆಯ ಹೆಸರುಗಳನ್ನು ತಂತ್ರಾಂಶವೇ ಕೂಡಿಸಿಬಿಡುತ್ತದೆ ಎಂದು ನಂಬಿದ್ದಾರೆ. ನಮ್ಮಲ್ಲಿ ಸೋಮೇಶ್ವರ ಸ್ವಾಮಿಯ ಹೆಸರು ಹೊತ್ತ ಅಂಗಡಿಗಳು ಒಂದೆರಡಲ್ಲ; ಹೆಸರು ಒಂದಾದರೂ ಮಾಲೀಕರು ಬೇರೆ ಬೇರೆ. ಯಂತ್ರವು ಸಲಹೆ ನೀಡಬಹುದು, ತೀರ್ಮಾನ ಮಾಲೀಕರದೇ ಆಗಿರಬೇಕು.

ಪರಿಹಾರ ಸರಳವಾಗಿದೆ, ಶ್ರಮ ಮಾತ್ರ ಬೇಡುತ್ತದೆ. ನೋಂದಾಯಿತ ಗಿರಾಕಿಯನ್ನು ಹೆಸರಿನಿಂದಲ್ಲದೆ ಜಿಎಸ್‌ಟಿ ಸಂಖ್ಯೆಯಿಂದ ಗುರುತಿಸಬೇಕು. ಸರಕು ಇಳಿಸುವ ವಿಳಾಸಗಳು ಎಷ್ಟಿದ್ದರೂ ಖಾತೆ ಒಂದೇ ಇರಲಿ. ನೋಂದಣಿ ಇಲ್ಲದವರಿಗೆ ಮೊಬೈಲ್ ಸಂಖ್ಯೆಯನ್ನು ಆಧಾರವಾಗಿಸಬಹುದು. ಪ್ರತಿ ಸರಕಿಗೂ ಒಂದೇ ಸಂಕೇತ, ಒಂದೇ ಮೂಲ ಅಳತೆ, ಒಂದೇ ಎಚ್‌ಎಸ್‌ಎನ್ ಸಂಖ್ಯೆ ಇರಬೇಕು. ನಟ್ಟು ಬೋಲ್ಟುಗಳಿಗೆ 7318, ಬೇರಿಂಗಿಗೆ 8482 ಎಂಬಂತೆ. ಹೊಸ ಖಾತೆ ತೆರೆಯುವ ಅಧಿಕಾರ ಸಂಸ್ಥೆಯಲ್ಲಿ ಒಬ್ಬರಿಗೆ ಮಾತ್ರ ಇರಲಿ. ಹಳೆಯ ಖಾತೆಯ ಬಾಕಿಯನ್ನು ಸರಿಯಾದ ಖಾತೆಗೆ ವರ್ಗಾಯಿಸಿ ಅದನ್ನು ಮುಚ್ಚಬೇಕೇ ಹೊರತು ಅಳಿಸಬಾರದು. ಹಿಂದಿನ ಬಿಲ್ಲುಗಳಿಗೆ ಸಾಕ್ಷಿ ಉಳಿಯಬೇಕು.

ನಾನು ಈ ಕೆಲಸಕ್ಕೆ ಸತತ ಎಂಟು ಭಾನುವಾರಗಳನ್ನು ವ್ಯಯಿಸಿದೆ. ಹೊಸ ತಂತ್ರಾಂಶವನ್ನು ಅದಾದ ಮೇಲೆ ಕೊಂಡೆ. ನಮ್ಮ ವಾಣಿಜ್ಯ ಮಂಡಳಿಯು ತಂತ್ರಾಂಶ ಪ್ರದರ್ಶನಗಳೊಂದಿಗೆ ಪಟ್ಟಿ ಶುದ್ಧೀಕರಣದ ಕಾರ್ಯಾಗಾರಗಳನ್ನೂ ಏರ್ಪಡಿಸಿ, ಒಂದೊಂದು ವ್ಯಾಪಾರಕ್ಕೂ ಸಾಮಾನ್ಯ ಸರಕು ಪಟ್ಟಿಯ ಮಾದರಿಯನ್ನು ಸಿದ್ಧಪಡಿಸಿದರೆ ಸದಸ್ಯರಿಗೆ ಮಹದುಪಕಾರವಾದೀತು. ಅಲ್ಲಿಯವರೆಗೆ ಸದಸ್ಯ ಬಂಧುಗಳಲ್ಲಿ ನನ್ನದೊಂದು ವಿನಂತಿ: ಈ ತಿಂಗಳು ನಿಮ್ಮ ಗಿರಾಕಿಗಳ ಪಟ್ಟಿಯನ್ನು ಒಮ್ಮೆ ಅಚ್ಚು ತೆಗೆದು, ಜಿಎಸ್‌ಟಿ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ನೋಡಿ. ಒಂದೇ ಸಂಖ್ಯೆ ಎರಡು ಕಡೆ ಕಂಡರೆ, ಆ ಗಿರಾಕಿಯ ಒಟ್ಟು ಬಾಕಿ ಎಷ್ಟೆಂದು ಅಂದೇ ಕೂಡಿಸಿ ಬರೆದಿಡಿ.