ಕೆಜಿಎಫ್ ಹಿಡಿಸದವರೂ ಕನ್ನಡಿಗರೇ

‘ಕೆಜಿಎಫ್ ಚಿತ್ರ ನನಗೆ ಹಿಡಿಸಲಿಲ್ಲ’ ಎಂದರೆ ನಮ್ಮ ಜವಳಗೇರಾದಲ್ಲೂ ಬರುವ ಮೊದಲ ಪ್ರಶ್ನೆ: ‘ನೀವು ಕನ್ನಡದವರೇನ್ರೀ?’ ಹೌದು, ಕನ್ನಡದವನೇ. ಅದರಲ್ಲೂ ಚಿನ್ನದ ಗಣಿಯ ಸೀಮೆಯವನು. ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ಜನ ಪಾಳಿಯ ಮೇಲೆ ನೆಲದೊಳಗೆ ಇಳಿಯುತ್ತಾರೆ. ಕಾರ್ಮಿಕ ಸಂಘದ ಚುನಾವಣೆ ಅಲ್ಲಿ ಎಮ್ಮೆಲ್ಲೆ ಚುನಾವಣೆಯಷ್ಟೇ ಬಿಸಿ. ಆ ಪಿಕ್ಚರ್ ನನಗೆ ಹಿಡಿಸದಿರುವುದು ಅದಕ್ಕೇ.

ಪರದೆಯ ಮೇಲಿನ ನರಾಚಿಯಲ್ಲಿ ಗಣಿ ಕೆಲಸದವರಿಗೆ ಬಾಯಿಯೇ ಇಲ್ಲ. ಹೊಡೆತ ತಿನ್ನುತ್ತಾರೆ, ಸಾಯುತ್ತಾರೆ, ನಾಯಕ ರಾಕಿಯ ದಾರಿ ಕಾಯುತ್ತಾರೆ. ಕಟ್ಟುಕಥೆ ಎನ್ನುತ್ತೀರಿ, ಒಪ್ಪಿದೆ. ಆದರೆ ಹೆಸರು ಕೋಲಾರದ್ದಲ್ಲವೇ? ಕಥೆ ನಡೆಯುವ 1970ರ ದಶಕಕ್ಕೂ ಮೊದಲೇ, 1956ರಲ್ಲಿ, ಮೈಸೂರು ಸರ್ಕಾರ ಕೋಲಾರದ ಚಿನ್ನದ ಗಣಿಗಳನ್ನು ವಹಿಸಿಕೊಂಡಿತ್ತು. ಬ್ರಿಟಿಷ್ ಕಂಪನಿಯ ಕಾಲದಲ್ಲೇ, 1930ರಲ್ಲಿ, ಬೆರಳಚ್ಚು ಕೊಡಬೇಕೆಂಬ ಕಟ್ಟಳೆಯನ್ನು ಧಿಕ್ಕರಿಸಿ ಅಲ್ಲಿನ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಅವರಲ್ಲಿ ಬಹುಪಾಲು ದಲಿತರು. ಅವರನ್ನು ಎಬ್ಬಿಸಲು ಮುಂಬೈಯಿಂದ ಯಾವ ಬಂದೂಕಿನ ವೀರನೂ ಬರಬೇಕಾಗಿರಲಿಲ್ಲ. 2001ರಲ್ಲಿ ಗಣಿ ಮುಚ್ಚಿದಾಗ ಬೀದಿಗೆ ಬಿದ್ದದ್ದೂ ಅಂಥವರ ಮಕ್ಕಳು, ಮೊಮ್ಮಕ್ಕಳೇ. ಗಳಿಕೆಯಲ್ಲಿ ಸಾವಿರ ಕೋಟಿ ದಾಟಿದ ಕಥೆ ಇಂಥ ಜನರ ಎದೆಗಾರಿಕೆಯನ್ನೆಲ್ಲ ಒಬ್ಬನೇ ನಾಯಕನಿಗೆ ಬರೆದುಕೊಟ್ಟಿದೆ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಈ ಚಿತ್ರವನ್ನು ಟೀಕಿಸಿದವರ ಗತಿ ಏನಾಯಿತು? 2023ರ ಮಾರ್ಚ್‌ನಲ್ಲಿ ತೆಲುಗು ನಿರ್ದೇಶಕ ವೆಂಕಟೇಶ್ ಮಹಾ ಚಿತ್ರದ ಹೆಸರೆತ್ತದೆಯೇ, ತಾಯಿಯ ಆಸೆಗಾಗಿ ಚಿನ್ನ ಗುಡ್ಡೆ ಹಾಕುವ ನಾಯಕನನ್ನು ಹಳಿದರು. ಅವರ ಮಾತು ಒರಟಾಗಿತ್ತು, ನಾನದನ್ನು ಸಮರ್ಥಿಸುವುದಿಲ್ಲ. ಬಳಸಿದ ಪದಗಳಿಗೆ ಅವರು ಕ್ಷಮೆ ಕೇಳಿದರು, ಅಭಿಪ್ರಾಯ ಮಾತ್ರ ಬಿಡಲಿಲ್ಲ. ಅಭಿಮಾನಿಗಳು ಬೈಗುಳದ ಮಳೆ ಸುರಿಸಿದರೇ ಹೊರತು, ಅವರ ಟೀಕೆಗೆ ಉತ್ತರ ಕೊಟ್ಟವರು ಎಷ್ಟು ಮಂದಿ? ಹೊರಗಿನವರಾದ್ದರಿಂದ ಅವರನ್ನು ‘ಕನ್ನಡದ ಹೊಟ್ಟೆಕಿಚ್ಚಿನವರು’ ಎಂದುಬಿಡುವುದು ಸುಲಭವಾಯಿತು. ಒಳಗಿನವರು ಅದನ್ನೇ ಹೇಳಿದರೆ ‘ಕನ್ನಡ ದ್ರೋಹಿ’.

ಕನ್ನಡ ಚಿತ್ರವೊಂದು ದೇಶವನ್ನೆಲ್ಲ ಗೆದ್ದದ್ದು ನನಗೂ ಹೆಮ್ಮೆಯೇ. ಹಟ್ಟಿಯ ಕಾರ್ಮಿಕನೊಬ್ಬ ಪಾಳಿ ಮುಗಿಸಿ ಬಂದು ನಾಯಕ ನಟ ಯಶ್‌ಗೆ ಸೀಟಿ ಹೊಡೆದರೆ ಅದು ಅವನ ಖುಷಿ, ಅವನ ದುಡ್ಡು. ಆದರೆ ಗಳಿಕೆಯ ಲೆಕ್ಕ ತೋರಿಸಿ ವಿಮರ್ಶಕರ ಬಾಯಿ ಮುಚ್ಚಿಸುವುದು ಕನ್ನಡದ ಅಭಿಮಾನವಲ್ಲ. ಆ ಲೆಕ್ಕ ನಿರ್ಮಾಪಕರಿಗೆ ಬೇಕು, ನೋಡುಗರಿಗೆ ಯಾಕೆ? ಮೂರನೇ ಭಾಗ ಬಂದರೆ ಟಿಕೆಟ್ ತೆಗೆದು ನೋಡುತ್ತೇನೆ. ಗಣಿಯ ಜನ ಆಗಲೂ ಮೂಕರಾಗಿಯೇ ಇದ್ದರೆ, ಮತ್ತೆ ಬರೆಯುತ್ತೇನೆ.